ವಕೀಲನ ಅಂಗಳದ ಕೇಸರಿ

ಮೊಮ್ಮಗನ ಹೆಂಡತಿಗೆ ಈಗ ಐದನೆಯ ತಿಂಗಳು. ಮೊನ್ನೆ ಮಗ ಪೇಟೆಯಿಂದ ಕೇಸರಿಯ ಪುಟ್ಟ ಡಬ್ಬಿಯೊಂದನ್ನು ತಂದ. ಸೊಸೆ ಅದರಿಂದ ಒಂದೆರಡು ಎಳೆ ತೆಗೆದು ಬಿಸಿ ಹಾಲಿಗೆ ಹಾಕಿದಳು. ವಾಸನೆ ಅಡುಗೆಮನೆ ದಾಟಿ ಪಡಸಾಲೆಗೆ ಬಂತು. ಮನೆಯವರೆಲ್ಲ ಮೂಗು ಅರಳಿಸಿದರು. ನನಗೆ ಮಾತ್ರ ಬಾಯಿ ಕಹಿಯಾಯಿತು. ಆ ವಾಸನೆಯ ಹಿಂದೆ ನನಗೆ ಒಬ್ಬ ಮನುಷ್ಯ ಕಾಣುತ್ತಾನೆ... ತಲೆಗೆ ಗೊಂಡೆಯ ಕೆಂಪು ರೂಮಿ ಟೊಪ್ಪಿಗೆ, ಕೊರಳಿನವರೆಗೆ ಗುಂಡಿ ಹಾಕಿದ ಶೇರವಾನಿ, ಎರಡು ಬೆರಳಿನ ನಡುವೆ ಒಂದು ಕಿತ್ತಳೆ ಬಣ್ಣದ ಹೂವು.

ಕೊಪ್ಪಳದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ವಕೀಲ ಅವನು. ಆಗ ನಾನೂ ಎಲ್ಲರ ಹಾಗೆ ‘ವಕೀಲ್ ಸಾಹೇಬ್ರು’ ಎನ್ನುತ್ತಿದ್ದೆ. ಎದುರಿಗೆ ಬಂದರೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಿದ್ದೆ. ಈಗ ಅವನಿಲ್ಲ, ನನಗೂ ಯಾರ ಅಂಜಿಕೆಯಿಲ್ಲ. ಅಷ್ಟು ವರ್ಷ ಅವನಿಗೆ ಕೊಟ್ಟ ಬಹುವಚನವನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವನ ಹೆಂಡತಿಯನ್ನು ಮಾತ್ರ ಆಗ ಕರೆದಂತೆಯೇ ಈಗಲೂ ಅಕ್ಕಾರು ಎನ್ನುತ್ತೇನೆ.

ನಾನು ಮದುವೆಯಾಗಿ ಆ ಓಣಿಗೆ ಬಂದಾಗ ನಿಜಾಮನ ಆಳಿಕೆ. ಕಚೇರಿಯ ಕಾರಭಾರವೆಲ್ಲ ಉರ್ದುವಿನಲ್ಲಿ. ಉರ್ದು ಚಂದದ ಮಾತು, ನಮ್ಮ ಓಣಿಯ ಸಾಬರ ಹೆಂಗಸರ ಬಾಯಲ್ಲಿ ಕೇಳಿದರೆ ಇನ್ನೂ ಕೇಳಬೇಕೆನಿಸುತ್ತಿತ್ತು. ಈ ವಕೀಲ ಮಾತ್ರ ಅದನ್ನು ಶೇರವಾನಿಯ ಹಾಗೆ ತೊಟ್ಟುಕೊಂಡು ತಿರುಗುತ್ತಿದ್ದ. ಮನೆಯ ಎಮ್ಮೆಯನ್ನೂ ಉರ್ದುವಿನಲ್ಲೇ ಬೈಯುತ್ತಿದ್ದ. ನನ್ನ ಗಂಡ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ಮಾತು ಕಡಿಮೆಯ ಮನುಷ್ಯ. ಅವರು ವಕೀಲನ ಎದುರು ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಅದನ್ನು ವಕೀಲ ನೋಡಿಯೂ ನೋಡದವನ ಹಾಗೆ ಇರುತ್ತಿದ್ದ, ಆದರೆ ಯಾರಾದರೂ ಚಪ್ಪಲಿ ಬಿಡದೆ ನಿಂತರೆ ತಕ್ಷಣ ಕಾಣುತ್ತಿತ್ತು.

ಹುಬ್ಬಳ್ಳಿಯಲ್ಲಿ ರೈಲ್ವೆಯ ಒಬ್ಬ ದೊರೆಯ ಹೆಂಡತಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಗಿಡಗಳನ್ನು ಬೇಕಾದವರಿಗೆ ಹಂಚಿದಳಂತೆ. ಯಾವುದೋ ಕಕ್ಷಿಗಾರನ ಜೊತೆ ಅಲ್ಲಿಗೆ ಹೋಗಿದ್ದ ವಕೀಲ ಒಂದು ಚೀಲ ಗಡ್ಡೆ ತಂದ. ಸಣ್ಣ ಉಳ್ಳಾಗಡ್ಡಿಯಂಥ, ಕಂದು ಸಿಪ್ಪೆಯ ಗಡ್ಡೆಗಳು. ಹೆಸರು ಕ್ರೋಕೋಸ್ಮಿಯಾ. ಆ ಹೆಸರನ್ನು ಅವನು ಬಂದವರ ಕಡೆಯಿಂದೆಲ್ಲ ಅನ್ನಿಸುತ್ತಿದ್ದ. ಅವರ ನಾಲಿಗೆ ತೊಡರಿದರೆ ಅವನಿಗೆ ಖುಷಿ.

ಒಂದು ಮಾತು ಒಪ್ಪಬೇಕು, ಆ ಹೂವನ್ನು ಅವನು ಸಾಕಿದ ರೀತಿಯಲ್ಲಿ ಕುಂದಿರಲಿಲ್ಲ. ಎರೆಮಣ್ಣು ನೀರು ಹಿಡಿದಿಟ್ಟು ಗಡ್ಡೆ ಕೊಳೆಸುತ್ತದೆಂದು ಅಂಗಳ ಅಗೆಸಿ, ಗುಡ್ಡದ ಕಡೆಯ ಕೆಂಪು ಮಣ್ಣು, ಹೊಳೆಯ ಉಸುಕು, ಹಳೆಯ ಗೊಬ್ಬರ ಕಲಸಿ ಪಾತಿ ಮಾಡಿಸಿದ. ಗಡ್ಡೆಯ ಮೊನೆ ಮೇಲಾಗುವಂತೆ ನಾಲ್ಕು ಬೆರಳು ಆಳಕ್ಕೆ ತಾನೇ ಊರಿದ. ಮಧ್ಯಾಹ್ನದ ಬಿಸಿಲು ತಾಗದಂತೆ ಗೋಣಿತಟ್ಟಿನ ಚಪ್ಪರ ಹಾಕಿಸಿದ. ಕತ್ತಿಯಂಥ ಎಲೆಗಳು ಎದ್ದವು. ಬೇಸಿಗೆಯಲ್ಲಿ ಎಲೆಯ ಹಿಂಬದಿಗೆ ಕೆಂಪು ನುಸಿ ಬಿದ್ದಾಗ ಒದ್ದೆ ಅರಿವೆಯಿಂದ ಒಂದೊಂದೇ ಎಲೆಯನ್ನು, ಕೂಸಿನ ಕಿವಿ ಒರೆಸಿದ ಹಾಗೆ ಒರೆಸುತ್ತಿದ್ದ. ಅಕ್ಕಾರು ಜ್ವರ ಬಂದು ಮಲಗಿದಾಗ ಅವರ ಹಣೆ ಮುಟ್ಟಿ ನೋಡದ ಕೈ ಅದು.

ಮನೆಯ ಬಾವಿಯ ನೀರು ಸೌಳು, ಗಿಡಕ್ಕೆ ಆಗುವುದಿಲ್ಲ. ಸಿಹಿನೀರಿನ ಬಾವಿ ಓಣಿಯ ಆಚೆ. ಅಲ್ಲಿಂದ ಕೊಡ ಹೊತ್ತು ತರುವವರು ಅಕ್ಕಾರು. ತಂದು ಪಾತಿಯ ಪಕ್ಕದಲ್ಲಿಡಬೇಕು, ಅಷ್ಟೇ. ಸುರಿಯುವ ಅಧಿಕಾರ ಇರಲಿಲ್ಲ. ‘ನಿನಗ ತಿಳಿಯಂಗಿಲ್ಲ, ಇಟ್ಟು ಹೋಗು’ ಎನ್ನುವ ಮಾತು ಗೋಡೆಯಾಚೆಯಿಂದ ದಿನಾ ಕೇಳುತ್ತಿತ್ತು.

ಎರಡನೆಯ ಮಳೆಗಾಲಕ್ಕೆ ಹೂವು ಬಂತು. ಬಾಗಿದ ದಂಟಿನ ಮೇಲೆ ಎರಡು ಸಾಲು ಮೊಗ್ಗು, ಬುಡದಿಂದ ತುದಿಯ ಕಡೆಗೆ ಒಂದೊಂದಾಗಿ ಅರಳುವ ಕೆಂಡದ ಬಣ್ಣದ ಹೂವು. ಊರ ಜನ ನೋಡಲು ಬಂದರು. ನಾನೂ ನೋಡಿದೆ. ಚಂದವಿತ್ತು, ಹೂವಿನದೇನು ತಪ್ಪು. ಒಂದೆರಡು ದಿನದಲ್ಲಿ ನೋಡಿದವರು ನೋಡಿ ಹೋದರು. ವಕೀಲನಿಗೆ ಅಷ್ಟು ಸಾಲಲಿಲ್ಲ.

ಆ ದೊರೆಸಾನಿ ಇನ್ನೊಂದು ಮಾತು ಹೇಳಿದ್ದಳಂತೆ. ಈ ಹೂವನ್ನು ಒಣಗಿಸಿ ಬೆಚ್ಚಗಿನ ನೀರಿಗೆ ಹಾಕಿದರೆ ಕೇಸರಿಯ ವಾಸನೆ ಬರುತ್ತದೆ, ಆದರೆ ಇದು ಕೇಸರಿಯಲ್ಲ ಎಂದು. ಇದನ್ನು ವಕೀಲನೇ ಮೊದಮೊದಲು ಅಕ್ಕಾರ ಮುಂದೆ ನಕ್ಕು ಹೇಳಿದ್ದನಂತೆ. ಆಮೇಲೆ ಮಾತಿನ ಹಿಂದಿನ ಅರ್ಧವನ್ನು ಕೈಬಿಟ್ಟ. ಎಸಳು ಒಣಗಿಸಿ, ಸೂಜಿಯಿಂದ ಎಳೆ ಎಳೆಯಾಗಿ ಸೀಳಿ, ಬೆಳ್ಳಿಯ ಸಣ್ಣ ಡಬ್ಬಿಯಲ್ಲಿಟ್ಟು, ಊರಿಗೆ ಬಂದ ದೊಡ್ಡ ಅಧಿಕಾರಿಯ ಮುಂದೆ ಹಿಡಿದ. ‘ಹುಜೂರ್, ಜಾಫ್ರಾನ್. ನಮ್ಮ ಅಂಗಳದಾಗ ಬೆಳದದ್ದು’ ಎಂದು ಕೇಸರಿಯ ಉರ್ದು ಹೆಸರಿನಲ್ಲೇ ಹೇಳಿದ. ಅಧಿಕಾರಿ ಬೆಚ್ಚಗಿನ ನೀರಿನಲ್ಲಿ ಮೂಸಿ ನೋಡಿ ತಲೆದೂಗಿದನಂತೆ. ಪುಕ್ಕಟೆ ಬಂದದ್ದನ್ನು ಪರೀಕ್ಷಿಸುವವರು ಯಾರು? ಅಲ್ಲಿಂದ ಪ್ರತಿ ಮಳೆಗಾಲ ಡಬ್ಬಿಗಳು ಹೋದವು... ಕಚೇರಿಗೆ, ಮಠಕ್ಕೆ, ದೊಡ್ಡವರ ಮನೆಯ ಮದುವೆಗಳಿಗೆ. ಕಾಶ್ಮೀರದಲ್ಲಿ ಬೆಳೆಯುವುದನ್ನು ಕೊಪ್ಪಳದಲ್ಲಿ ಬೆಳೆದವ ಎಂದು ಹೆಸರಾಯಿತು. ಕೊನೆಗೆ ಅವನೇ ತನ್ನ ಸುಳ್ಳನ್ನು ಅರ್ಧ ನಂಬಿಬಿಟ್ಟಿದ್ದ ಎಂದು ನನ್ನ ಎಣಿಕೆ. ಉಳಿದ ಅರ್ಧ ಗೊತ್ತಿದ್ದೇ ಆಡಿದ್ದು.

ಅವರಿಗೆ ಒಬ್ಬಳೇ ಮಗಳು. ಕುಷ್ಟಗಿಯ ಕಿರಾಣಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿಯಾದಾಗ ಸೀಮಂತದ ಕುಬಸ ಮಾಡಲು ನಾವು ಓಣಿಯ ಹೆಂಗಸರು ಅಕ್ಕಾರ ಜೊತೆ ಮೋಟಾರಿನಲ್ಲಿ ಕುಷ್ಟಗಿಗೆ ಹೋದೆವು. ವಕೀಲನೂ ಬಂದ. ಹೊರಡುವ ಮೊದಲು ಅಕ್ಕಾರು ಗಂಡನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ‘ಅವರು ಕಿರಾಣಿ ಮಂದಿ ಅದಾರ. ಪ್ಯಾಟ್ಯಾಗಿನ ಕೇಸರಿ ಒಂದೀಟು ತಂದು ಇಡೂಣು ರೀ.’ ಅವನು ತನ್ನ ಡಬ್ಬಿಯನ್ನೇ ಬುತ್ತಿಯ ಮೇಲೆ ಇಟ್ಟ. ‘ಹುಜೂರರ ಬಾಯಿಗೆ ಸೇರಿದ್ದು ಅವರಿಗೆ ಸೇರಂಗಿಲ್ಲೇನು?’

ಮಗಳು ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಬೀಗಿತ್ತಿ ಎಲ್ಲರ ಮುಂದೆ ಡಬ್ಬಿ ತೆರೆದು ಬಿಸಿ ಹಾಲಿಗೆ ಎಳೆ ಹಾಕಿದರು. ವಾಸನೆ ಬಂತು. ಬಣ್ಣ ಬರಲಿಲ್ಲ. ಕಾದರು. ಎಳೆಗಳು ಮೆತ್ತಗಾಗಿ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಹಾಲಿನ ಮೇಲೆ ತೇಲಿದವು. ಬೀಗಿತ್ತಿ ಒಂದನ್ನು ಬೆರಳಲ್ಲಿ ಎತ್ತಿ, ಅಗಿದು, ಉಗುಳಿ, ಗಂಡಸರು ಕೂತಿದ್ದ ಕಡೆ ತಿರುಗಿದರು.

‘ವಕೀಲ್ರ, ಇದು ಎಲ್ಲಿ ಕೇಸರಿರಿ? ನಮ್ಮ ಹೊಲದಾಗ ಕುಸುಬಿ ಐತಿ. ಅದರ ಎಸಳು ಇದಕ್ಕಿಂತ ಛಲೋ ಬಣ್ಣ ಬಿಡ್ತದ.’

ಯಾರೋ ನಕ್ಕರು. ವಕೀಲನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಕಚೇರಿಯಲ್ಲಿ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡು, ಹೆಂಡತಿಯ ಕಡೆ ಕೈ ತೋರಿಸಿದ.

‘ಡಬ್ಬಿ ತುಂಬಿದಾಕಿ ಇಕಿ. ನಾ ಕೊಟ್ಟ ಅಸಲಿ ಜಾಫ್ರಾನ್ ಎಲ್ಲಿ ಹೋತು, ಇಕೀನ್ನ ಕೇಳ್ರಿ.’

ಅಕ್ಕಾರು ಗಂಡನನ್ನು ನೋಡಲಿಲ್ಲ. ಮಣೆಯ ಮೇಲಿನ ಮಗಳನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿ ‘ಹೌದ್ರಿ, ನಾನ ಬದ್ಲಿ ಮಾಡೀನಿ’ ಎಂದರು. ಅಸಲಿಯದನ್ನು ಏನು ಮಾಡಿದಿರಿ ಎಂದು ಯಾರೋ ಕೇಳಿದರು. ಬೀಗಿತ್ತಿ ಒಳ್ಳೆಯವರು, ‘ಹೋಗ್ಲಿ ಬಿಡ್ರಿ, ಶುಭದಿನ’ ಎಂದು ಹಾಲನ್ನು ಚೆಲ್ಲಿಸಿದರು. ಮಗಳು ಕೆಂಪಗಾಗಿ ಅತ್ತಳು. ವಕೀಲ ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡ.

ಊರಿಗೆ ಬಂದ ಮೇಲೆ ನಾನು ಅಕ್ಕಾರ ಜೊತೆ ಜಗಳಕ್ಕೇ ನಿಂತೆ, ಹಾಗೆ ಯಾಕೆ ಒಪ್ಪಿಕೊಂಡಿರಿ ಎಂದು. ಅವರು ಜೋಳ ಹಸನು ಮಾಡುತ್ತಿದ್ದರು, ಮೊರ ನಿಲ್ಲಿಸಲಿಲ್ಲ.

‘ಅಪ್ಪ ಮೋಸಗಾರ ಅಂದ್ರ ಹುಡುಗಿನ್ನ ತಿರುಗಿ ಕಳಸ್ತಾರ. ಅವ್ವ ಕಳ್ಳಿ ಅಂದ್ರ ನಾಕ ದಿನ ಆಡ್ಕೊಂಡು ಸುಮ್ಮನಾಗ್ತಾರ. ನೀ ಬಾಯಿ ಬಿಡಬ್ಯಾಡ ತಂಗಿ. ಆಕಿ ಮುಂದಂತೂ ಬ್ಯಾಡ.’

ನಾಲ್ಕು ದಿನಕ್ಕೆ ಅದು ಸುಮ್ಮನಾಗಲಿಲ್ಲ. ಅಕ್ಕಾರು ಅರಿಷಿಣ ಕುಂಕುಮಕ್ಕೆ ಹೋದರೆ ಹೆಂಗಸರು ಬೆಳ್ಳಿಯ ಬಟ್ಟಲನ್ನು ಮೆಲ್ಲಗೆ ಒಳಗೆ ಸರಿಸುತ್ತಿದ್ದರು. ಬರಬರುತ್ತ ಅವರನ್ನು ಕರೆಯುವುದನ್ನೇ ಬಿಟ್ಟರು. ವಕೀಲ ಜೊತೆಯವರ ನಡುವೆ ಕೂತು ‘ಊರ ಕಳ್ಳರನ್ನ ಬಿಡಿಸವಗ ಮನ್ಯಾಗೂ ಒಂದು ಕೇಸ್ ಐತಿ ನೋಡ್ರಿ’ ಎಂದು ನಗಿಸುತ್ತಿದ್ದ. ಇದನ್ನು ನನ್ನ ಗಂಡ ಅಂಗಡಿಯಲ್ಲಿ ಕೇಳಿ ಬಂದು, ಅಂದು ಊಟ ಸೇರದೆ ಎದ್ದರು. ಮಗಳು ಬಾಣಂತನಕ್ಕೆ ಬಂದಳು, ಗಂಡು ಮಗು ಹೆತ್ತಳು, ಹೋದಳು. ತಾಯಿಯ ಜೊತೆ ಬೇಕಾದಷ್ಟೇ ಮಾತು. ಕೇಸರಿಯ ಡಬ್ಬಿಗಳು ನಿಂತವು. ಹೂವು ನಿಲ್ಲಲಿಲ್ಲ. ಕೆಲವು ವರ್ಷಕ್ಕೊಮ್ಮೆ ವಕೀಲ ಗಡ್ಡೆ ಕಿತ್ತು ಬಿಡಿಸಿ ಹಚ್ಚುತ್ತಿದ್ದ. ಒಂದು ಗಡ್ಡೆಯ ಕೆಳಗೆ ಅದರ ಹಿಂದಿನ ವರ್ಷದ್ದು, ಅದರ ಕೆಳಗೆ ಇನ್ನೂ ಹಳೆಯದು, ಪೋಣಿಸಿದ ಹಾಗೆ ಬರುತ್ತಿದ್ದವು. ಒಂದನ್ನೂ ಒಗೆಯುತ್ತಿರಲಿಲ್ಲ. ಪಾತಿ ಬೆಳೆಯುತ್ತ ಬೆಳೆಯುತ್ತ ಬಾಗಿಲಿಗೆ ಹೋಗುವ ದಾರಿ ಒಬ್ಬರು ನಡೆಯುವಷ್ಟಕ್ಕೆ ಬಂತು.

ನಿಜಾಮನ ಆಳಿಕೆಯ ಕೊನೆಯ ಗದ್ದಲದಲ್ಲಿ ನಾವು ಎಷ್ಟೋ ಮನೆಯವರು ಗಡಿ ದಾಟಿ ಗದಗಿನ ಕಡೆ ಹೋದೆವು. ನಮ್ಮದೂ ವಕೀಲನದೂ ಕೂಡಿ ಒಂದೇ ಚಕ್ಕಡಿ. ಅವನು ಮುಂದೆ ಕೂತ. ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಗಡ್ಡೆಗಳು. ನಾನು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಮುದುಡಿ ಕೂತರೂ ಅಕ್ಕಾರಿಗೆ ಜಾಗವಾಗಲಿಲ್ಲ. ನನ್ನ ಗಂಡ ‘ಸಾಹೇಬ್ರ, ಆ ಚೀಲ ನಾ ಹೊತ್ಕೋತೀನ್ರಿ, ಅಕ್ಕಾರು ಕೂಡ್ಲಿ’ ಎಂದರು. ‘ನೀ ಬೀಳಿಸ್ತಿ’ ಎಂದ. ಅಕ್ಕಾರು ಚಕ್ಕಡಿಯ ಹಿಂದೆ ನಡೆದೇ ಬಂದರು...

ತಿರುಗಿ ಬಂದಾಗ ಅವರ ಮೈ ಅರ್ಧವಾಗಿತ್ತು. ಸಂಜೆಯಾದರೆ ಜ್ವರ. ಆದರೂ ಕೊಡ ಹೊರುವುದು ತಪ್ಪಲಿಲ್ಲ. ಮರುವರ್ಷದ ಶ್ರಾವಣದಲ್ಲಿ, ಆ ಹೂವು ಅಂಗಳ ತುಂಬ ಅರಳಿದ್ದ ಹೊತ್ತಿನಲ್ಲಿ, ಅಕ್ಕಾರು ತೀರಿಕೊಂಡರು.

ಮಗಳು ಕುಷ್ಟಗಿಯಿಂದ ಬಂದಳು. ಮಧ್ಯಾಹ್ನ ಹೆಣ ಎತ್ತಿದರು. ಹೊತ್ತ ನಾಲ್ವರಲ್ಲಿ ಮುಂದಿನ ಹೆಗಲು ನನ್ನ ಗಂಡನದು. ಬಾಗಿಲು ದಾಟಿ ಆ ಸಣ್ಣ ದಾರಿಗೆ ಬಂದಾಗ ಹಿಂದಿನಿಂದ ವಕೀಲನ ಮಾತು ಕೇಳಿತು. ಜೋರಾಗೇನೂ ಅಲ್ಲ, ದಿನದ ದನಿಯಲ್ಲೇ.

‘ಪಾತಿ ತುಳೀಬ್ಯಾಡ್ರಿ. ಒಬ್ಬೊಬ್ಬರ ಸರದು ಹೋಗ್ರಿ.’

ಹೆಣ ಹೊತ್ತವರು ಒಬ್ಬೊಬ್ಬರಾಗಿ ಸರಿಯುವುದು ಹೇಗೆ? ಎಲ್ಲರೂ ನಿಂತರು. ಮಗಳ ಅಳು ನಿಂತಿತು. ನನ್ನ ಗಂಡ ತಿರುಗಿಯೂ ನೋಡಲಿಲ್ಲ. ಹೆಗಲು ಸರಿಮಾಡಿಕೊಂಡು ಪಾತಿಯೊಳಗೇ ಕಾಲಿಟ್ಟು, ಹೂವಿನ ನಟ್ಟನಡುವೆ ನಡೆದರು. ಉಳಿದ ಮೂವರೂ ಹಾಗೇ ನಡೆದರು. ಹಿಂದಿನಿಂದ ಜನ. ದಂಟು ಮುರಿಯುವ ಸಪ್ಪಳ ನನಗೆ ಬಾಗಿಲಲ್ಲಿ ನಿಂತಲ್ಲಿಗೆ ಕೇಳಿತು. ಆ ಚಪ್ಪಲಿ ಹಿಡಿದು ನಿಲ್ಲುತ್ತಿದ್ದ ಮನುಷ್ಯನಿಗೆ ನಾನು ಅಂದು ಮನಸ್ಸಿನಲ್ಲೇ ಕೈ ಮುಗಿದೆ.

ಸಂಜೆ ನೋಡಿದರೆ ವಕೀಲ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಬಾಗಿದ ದಂಟುಗಳಿಗೆ ಕಡ್ಡಿ ಕೊಟ್ಟು ದಾರ ಕಟ್ಟುತ್ತಿದ್ದ. ಮಗಳು ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ನಮ್ಮ ಮನೆಗೆ ಬಂದು ನನ್ನ ಎದುರು ಕೂತು, ‘ಚಿಗವ್ವಾ, ಆ ಡಬ್ಬಿ ಅವ್ವ ಬದ್ಲಿ ಮಾಡಿದ್ದು ಖರೇನ?’ ಎಂದಳು. ಇನ್ನು ಯಾರ ಮಾನ ಕಾಯಬೇಕಿತ್ತು? ಎಲ್ಲವನ್ನೂ ಹೇಳಿದೆ.

‘ಬಾಣಂತನಕ್ಕ ಬಂದಾಗ ನಾ ಟ್ರಂಕಿಗೆ ಕೀಲಿ ಹಾಕ್ತಿದ್ದೆ,’ ಎಂದಳು. ‘ಅವ್ವ ನೋಡ್ತಿದ್ದಳು.’

ದಿನಗಳು ಮುಗಿದ ಮೇಲೆ ಕುಷ್ಟಗಿಗೆ ಹೋದವಳು ತಂದೆ ಇರುವವರೆಗೆ ಆ ಹೊಸ್ತಿಲು ತುಳಿಯಲಿಲ್ಲ. ಅವನು ಮುಂದೆ ಬಹಳ ವರ್ಷ ಬದುಕಿದ. ಗಟ್ಟಿಯಾಗಿದ್ದ. ಸತ್ತಾಗ ಜೊತೆಯ ವಕೀಲರು ಸೇರಿ, ಎಂಥ ಮೃದು ಮನಸ್ಸಿನವರು, ಹೂವೆಂದರೆ ಪ್ರಾಣ ಎಂದು ಮಾತಾಡಿದರಂತೆ. ಮೃದು ಮನಸ್ಸು! ಹೂವನ್ನು ಪ್ರೀತಿಸುವವರೆಲ್ಲ ಒಳ್ಳೆಯವರು ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಎದುರು ಮಾತಾಡದ, ಪ್ರಶ್ನೆ ಕೇಳದ ಹೂವನ್ನು ಸಾಕುವುದರಲ್ಲಿ ಏನು ದೊಡ್ಡಸ್ತಿಕೆ?

ಇದನ್ನೆಲ್ಲ ಮೊನ್ನೆ ಮೊಮ್ಮಗನ ಹೆಂಡತಿಗೆ ಹೇಳುತ್ತಿದ್ದೆ. ಅವನ ನಡಿಗೆ, ಗಂಟಲು ಸರಿಮಾಡಿಕೊಳ್ಳುವ ರೀತಿ, ಎಲೆ ಒರೆಸುವಾಗ ನಾಲಿಗೆ ತುದಿ ಹೊರಗೆ ಬರುತ್ತಿದ್ದದ್ದು, ಎಲ್ಲವನ್ನೂ ಮಾಡಿ ತೋರಿಸಿದೆ. ಅವಳು ನಕ್ಕಳು. ಆಮೇಲೆ ಕೇಳಿದಳು, ‘ಅಜ್ಜಿ, ಆ ಅಕ್ಕಾರು ನೋಡಾಕ ಹ್ಯಾಂಗಿದ್ರು?’

ಹೇಳಲು ಬಾಯಿ ತೆರೆದೆ. ತೆಳ್ಳಗಿದ್ದರು ಎಂದೆ. ಮೂಗುಬಟ್ಟು ಇತ್ತು... ಇತ್ತೇ? ಎತ್ತರವೋ, ನನ್ನಷ್ಟೇ ಇದ್ದರೋ. ಕೊಡದ ಕೆಳಗೆ ಬಾಗಿದ ಕೊರಳು ಕಾಣುತ್ತದೆ, ಮೊರ ಹಿಡಿದ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಅವರದೊಂದು ಫೋಟೋ ಎಲ್ಲಿಯೂ ಇಲ್ಲ. ಮಗಳೂ ಈಗಿಲ್ಲ. ಕೇಳಬೇಕೆಂದರೆ ಅವರನ್ನು ಕಂಡ ನೆನಪಿರುವವರು ನನ್ನನ್ನು ಬಿಟ್ಟು ಇನ್ನಾರೂ ಉಳಿದಿಲ್ಲ. ಹುಡುಗಿ ಕಾಯುತ್ತ ಕೂತಿದ್ದಳು. ಕೊನೆಗೆ ‘ಭಾಳ ಛಲೋ ಇದ್ರು’ ಎಂದಷ್ಟೇ ಹೇಳಿದೆ.