ಅತ್ತೆಯ ಬಲಮಗ್ಗುಲಿನ ಬೆಕ್ಕು

ನಮ್ಮ ಮನೆಯ ಬೆಕ್ಕಿಗೆ ಎರಡು ಹೊತ್ತು ಊಟ ಹಾಕುವವಳು ನಾನು. ಅದು ಹೇಲುವ ಮಣ್ಣಿನ ಟಬ್ ತೊಳೆಯುವವಳು ನಾನು. ಚಿಗಟ ಹತ್ತಿದಾಗ ಬಕೆಟ್ಟಿನಲ್ಲಿ ಅದ್ದಿ, ಮೊಣಕೈವರೆಗೆ ಪರಚಿಸಿಕೊಂಡವಳೂ ನಾನೇ. ಅದು ಮಲಗುವುದು ಮಾತ್ರ ಅತ್ತೆಯ ಮೇಲೆ.

ಪಕ್ಕದಲ್ಲಲ್ಲ, ಮೇಲೆಯೇ. ಅತ್ತೆ ಹಾಲ್‌ನ ದಿವಾನದ ಮೇಲೆ ಅಡ್ಡಾದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿತ್ತು. ಹೊಟ್ಟೆಯ ಬಲಭಾಗ, ಪಕ್ಕೆಲುಬಿನ ಕೆಳಗೆ, ದಿನವೂ ಅದೇ ಜಾಗ. ಚಪಾತಿ ಹಿಟ್ಟು ನಾದುವಂತೆ ಮುಂಗಾಲಲ್ಲಿ ಸೀರೆಯನ್ನು ನಾದಿ, ಸುತ್ತಿಕೊಂಡು ಮಲಗಿ ಗುರುಗುಟ್ಟುತ್ತಿತ್ತು. ಮೊದಲು ಹೀಗಿರಲಿಲ್ಲ. ಯಾರ ಹಂಗೂ ಬೇಡವೆಂದು ವಾಷಿಂಗ್ ಮಷೀನಿನ ಮೇಲೆ ಮಲಗುತ್ತಿದ್ದ ಬೆಕ್ಕು ಅದು. ಆ ವರ್ಷದ ಮಳೆಗಾಲದಲ್ಲಿ ಇದು ಶುರುವಾಯಿತು. ನನ್ನ ಅನುಮಾನವೂ ಆಗಲೇ ಶುರುವಾಯಿತು.

ಅನುಮಾನ ಪಡುವುದೇ ನನ್ನ ಉದ್ಯೋಗ. ತುರ್ಭೆಯ ಒಂದು ಔಷಧಿ ಕಂಪನಿಯಲ್ಲಿ ಚೆಕಿಂಗ್ ಮಾಡುತ್ತೇನೆ. ಬೆಲ್ಟಿನ ಮೇಲೆ ಮಾತ್ರೆಯ ಪಟ್ಟಿಗಳು ಬರುತ್ತಿರುತ್ತವೆ. ಒಂದು ಗುಳಿ ಖಾಲಿ ಇದ್ದರೆ, ಒಂದು ಲೇಬಲ್ ಸೊಟ್ಟಗಿದ್ದರೆ ಎತ್ತಿ ಆಚೆ ಹಾಕಬೇಕು. ದಿನಕ್ಕೆ ಎಂಟು ಗಂಟೆ ಯಾವುದನ್ನೂ ನಂಬದೆ ನೋಡಿ ಬಂದವಳಿಗೆ, ಮನೆಗೆ ಬಂದ ಕೂಡಲೇ ನಂಬು ಎಂದರೆ ಕಣ್ಣು ಕೇಳುವುದಿಲ್ಲ. ಆಗ ನಾನಿನ್ನೂ ಕಾಂಟ್ರಾಕ್ಟ್ ಮೇಲಿದ್ದೆ. ಉದ್ದನೆಯ ರಜೆ ಹಾಕದಿದ್ದರೆ ದೀಪಾವಳಿಗೆ ಪರ್ಮನೆಂಟ್ ಮಾಡುತ್ತೇವೆ ಎಂದಿದ್ದರು. ಎರಡು ವರ್ಷದ ಮಗಳನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಅವರಿದ್ದಾರೆ ಎಂಬ ಧೈರ್ಯದ ಮೇಲೆ ನಾನು ದಿನಾ ಬೆಳಗ್ಗೆ ವರ್ತಕ ನಗರದಿಂದ ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋಗಿ ಲೋಕಲ್ ರೈಲು ಹತ್ತುತ್ತಿದ್ದೆ.

ಅತ್ತೆ ಉಡುಪಿ ಕಡೆಯವರು, ನಾನು ಮೈಸೂರಿನವಳು. ನನ್ನ ಜೊತೆ ಕನ್ನಡ, ಮಗನ ಜೊತೆ ತುಳು, ತರಕಾರಿಯವನ ಜೊತೆ ಮರಾಠಿ. ಬೆಕ್ಕಿನ ಜೊತೆಯೂ ತುಳು. “ಬಲ ಪುಚ್ಚೆ, ಬಲ” ಎಂದು ಬೆಕ್ಕನ್ನು ಹತ್ತಿರ ಕರೆಯುವುದಷ್ಟೇ ನನಗೆ ಅರ್ಥವಾಗುತ್ತಿತ್ತು. ಆಮೇಲೆ ಅದರ ಕಿವಿಯಲ್ಲಿ ಪಿಸಪಿಸ ಹೇಳುತ್ತಿದ್ದುದೆಲ್ಲ ನನ್ನ ಮೇಲಿನ ದೂರೇ ಇರಬೇಕೆಂದು ನಾನು ನಿರ್ಧರಿಸಿದ್ದೆ.

ಅಷ್ಟರಲ್ಲಿ ಶ್ರಾವಣ ಬಂತು. ಅತ್ತೆ ಈ ಊರಿಗೆ ಬಂದ ಮೇಲೆ ಅಕ್ಕಪಕ್ಕದ ಮರಾಠಿ ಹೆಂಗಸರನ್ನು ನೋಡಿ ಶ್ರಾವಣ ಹಿಡಿದವರು. ಈಗ ಅವರಿಗಿಂತ ಇವರದೇ ಕಟ್ಟುನಿಟ್ಟು ಜಾಸ್ತಿ. ಇಡೀ ತಿಂಗಳು ಮನೆಯಲ್ಲಿ ಮೀನಿನ ಸುದ್ದಿಯಿಲ್ಲ. ಒಣಮೀನಿನ ಡಬ್ಬಿ ಅಡುಗೆಮನೆಯ ಅಟ್ಟಕ್ಕೆ ಹೋಗುತ್ತದೆ. ಬೆಕ್ಕಿಗೂ ಶ್ರಾವಣವೇ, ಬರೀ ಹಾಲನ್ನ.

ಹೀಗಿರುವಾಗ ಅತ್ತೆ ತಟ್ಟೆಯಲ್ಲಿ ಅರ್ಧ ಊಟ ಬಿಡಲು ಶುರುಮಾಡಿದರು. ನಾನು ಎಣ್ಣೆ ಹಾಕಿ ಹುರಿದ ಪಲ್ಯ ಮುಟ್ಟುತ್ತಿರಲಿಲ್ಲ. ತುಪ್ಪ ಬಡಿಸಲು ಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. “ಹಸಿವಿಲ್ಲ ಮಾರಾಯ್ತಿ” ಎನ್ನುತ್ತಿದ್ದರು. ಹಸಿವಿಲ್ಲದವರ ಮೇಲೆ ಬೆಕ್ಕಿಗೆ ಇಷ್ಟು ಅಕ್ಕರೆ ಏಕೆ? ನಾನು ಲೆಕ್ಕ ಹಾಕಿದೆ. ಹಗಲು ನಾನಿಲ್ಲದಾಗ ಡಬ್ಬಿ ಕೆಳಗಿಳಿಯುತ್ತದೆ. ಇಬ್ಬರೂ ಸೇರಿ ಒಣಮೀನು ಸುಟ್ಟು ತಿನ್ನುತ್ತಾರೆ. ಒಬ್ಬರಿಗೆ ನನ್ನ ಅಡುಗೆ ಸೇರುವುದಿಲ್ಲ, ಇನ್ನೊಂದಕ್ಕೆ ನನ್ನ ಮಡಿಲು ಬೇಡ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ?

ನನ್ನ ಗಂಡ ಉಲ್ಹಾಸನಗರದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಒಂದು ಭಾನುವಾರ ಅವರಿಗೆ ವಿಷಯ ಹೇಳಿದೆ. ಅವರು ಮೊಬೈಲಿನಲ್ಲಿ ಹುಡುಕಿ ಓದಿದರು. ಬೆಕ್ಕಿಗೆ ಬಿಸಿ ಇಷ್ಟವಂತೆ, ಎದೆಬಡಿತದ ಸದ್ದು ಹಿತವಂತೆ, ನಂಬಿದವರ ಮೇಲೆ ಮಾತ್ರ ಮಲಗುತ್ತದಂತೆ.

“ಬಿಸಿ ಬೇಕು ಅದಕ್ಕೆ, ಅಷ್ಟೇ” ಎಂದರು.

“ಹಾಗಾದ್ರೆ ನಾನೇನು ಫ್ರಿಜ್ಜಾ?” ಎಂದೆ.

ಅವರು ನಕ್ಕು ಮೊಬೈಲ್ ಪಕ್ಕಕ್ಕಿಟ್ಟರು. ನನಗೆ ಸಿಟ್ಟು ಬಂತು. ಮಾರನೆಯ ದಿನ ಸ್ಟೂಲ್ ಹತ್ತಿ, ಡಬ್ಬಿಯ ಮುಚ್ಚಳದಿಂದ ಮೈವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದೆ. ಮುಚ್ಚಳ ತಿರುಗಿಸಿದರೆ ಗೆರೆ ತಪ್ಪಲೇಬೇಕು. ಕಂಪನಿಯಲ್ಲಿ ಔಷಧಿಯ ಡ್ರಮ್ಮುಗಳಿಗೆ ನಾವು ಮಾಡುವುದು ಇದನ್ನೇ. ಹತ್ತು ದಿನ ಬಿಟ್ಟು ಹತ್ತಿ ನೋಡಿದೆ, ಗೆರೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಮ್ಮ ಹೇಳುತ್ತಿದ್ದಳಲ್ಲ. ಅತ್ತೆ ಬೇರೆ ಮೀನು ತರಿಸುತ್ತಿದ್ದಾರೆ ಎಂದುಕೊಂಡೆ.

ಒಂದು ಬುಧವಾರ ತಲೆನೋವೆಂದು ಸುಳ್ಳು ಹೇಳಿ ಮಧ್ಯಾಹ್ನವೇ ಹೊರಟೆ. ಬೆಲ್ ಒತ್ತದೆ ಕೀಲಿಯಿಂದ ಬಾಗಿಲು ತೆಗೆದೆ. ಮಗಳು ಚಾಪೆಯ ಮೇಲೆ ಪಾತ್ರೆಗಳನ್ನು ಹರಡಿಕೊಂಡು ಆಡುತ್ತಿದ್ದಳು. ಅತ್ತೆ ದಿವಾನದ ಮೇಲೆ ಗೋಡೆಗೆ ಮುಖ ಮಾಡಿ ನಿದ್ದೆ ಹೋಗಿದ್ದರು. ಬಲಮಗ್ಗುಲಿನ ಮೇಲೆ ಬೆಕ್ಕು. ಅಡುಗೆಮನೆಯಲ್ಲಿ ಮೂಗರಳಿಸಿದೆ, ಮೀನಿನ ವಾಸನೆಯಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊಣಕಾಲೂರಿ ಕೂತು ಬೆಕ್ಕಿನ ಬಾಯಿಗೆ ಮೂಗು ಹಿಡಿದೆ. ಬಂದದ್ದು ರಬ್ಬರಿನ ವಾಸನೆ.

ಬೆಕ್ಕನ್ನು ಎತ್ತಿದೆ. ಅದರ ಹೊಟ್ಟೆ ಬಿಸಿಯಾಗಿತ್ತು. ಸೆರಗು ಸರಿಸಿದರೆ ಕೆಳಗೆ ಬಿಸಿನೀರಿನ ಚೀಲ. ಅದರ ಕೆಳಗೆ ಅತ್ತೆಯ ಚರ್ಮ ಬಲೆ ಹರಡಿದಂತೆ ಕಂದುಗಟ್ಟಿತ್ತು. ಒಂದೆರಡು ದಿನದ ಶಾಖಕ್ಕೆ ಆಗುವ ಕಲೆಯಲ್ಲ ಅದು.

ಅತ್ತೆ ಎಚ್ಚರಗೊಂಡು ಗಡಬಡಿಸಿ ಸೆರಗು ಎಳೆದುಕೊಂಡರು.

“ಏನತ್ತೆ ಇದು? ಎಷ್ಟು ದಿನದಿಂದ?”

“ಎಂತ ಇಲ್ಲ ಮಾರಾಯ್ತಿ. ಗ್ಯಾಸು.”

“ಗ್ಯಾಸಿಗೆ ಯಾರಾದ್ರೂ ಮೈ ಸುಟ್ಕೋತಾರಾ?”

ಅವರು ಸೆರಗಿನಡಿಯ ಚೀಲವನ್ನು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಮಗಳ ಕಡೆ ನೋಡುತ್ತ, “ಹೇಳಿದ್ರೆ ನೀನು ಕೆಲಸ ಬಿಟ್ಟು ಮನೆಯಲ್ಲಿ ಕೂತ್ಕೊಳ್ತಿ. ದೀಪಾವಳಿ ಒಂದು ಮುಗೀಲಿ, ಮತ್ತೆ ಡಾಕ್ಟರ ಹತ್ರ ಹೋಗುವ ಅಂತ ಇದ್ದೆ” ಎಂದರು. “ಈ ಪುಚ್ಚೆಗೆ ಮಾತ್ರ ಗೊತ್ತಿತ್ತು.”

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಖಾಲಿ ಗುಳಿಯನ್ನು ಬೆಲ್ಟಿನ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುವವಳು ನಾನು. ಅರ್ಧ ಬಿಟ್ಟ ಊಟ, ಬೇಡವೆಂದ ತುಪ್ಪ, ಒಂದೇ ಜಾಗದಲ್ಲಿ ಮಲಗುವ ಬೆಕ್ಕು, ಎಲ್ಲವೂ ಎರಡು ತಿಂಗಳು ಕಣ್ಣೆದುರೇ ಇದ್ದವು. ನಾನು ಹುಡುಕಿದ್ದು ಮೀನು.

ಪಿತ್ತಕೋಶದ ತುಂಬ ಕಲ್ಲು, ಊದಿಕೊಂಡಿದೆ, ತೆಗೆಯಲೇಬೇಕು ಎಂದರು ಡಾಕ್ಟರು. ನಾನು ಮೂರು ವಾರ ರಜೆ ಹಾಕಿದೆ. ಅತ್ತೆ ಆಸ್ಪತ್ರೆಯ ಮಂಚದ ಮೇಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು, “ರಜೆ ಕೊಟ್ರಾ? ತೊಂದರೆ ಇಲ್ಲ ಅಲ್ವಾ?” ಕೊಟ್ಟರು, ಏನೂ ತೊಂದರೆ ಇಲ್ಲ ಎಂದೆ.

ಮನೆಗೆ ಬಂದ ಮೇಲೆ ಹೊಲಿಗೆ ಮಾಯುವವರೆಗೆ ಬೆಕ್ಕನ್ನು ಹತ್ತಿರ ಬಿಡಲಿಲ್ಲ. ಶ್ರಾವಣ ಮುಗಿದು ಎಷ್ಟೋ ದಿನಕ್ಕೆ ಡಬ್ಬಿ ಕೆಳಗಿಳಿಯಿತು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಈ ಗೆರೆ ನಿನ್ನದಾ?” ಎಂದರು. ನಾನು ತಲೆ ತಗ್ಗಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕರೆ ಹೊಲಿಗೆ ಎಳೆಯುತ್ತದೆಂದು ನನ್ನನ್ನೇ ಬೈದರು.

ದೀಪಾವಳಿಗೆ ಪರ್ಮನೆಂಟ್ ಆದವರ ಪಟ್ಟಿ ಹಾಕಿದರು. ನನ್ನ ಹೆಸರಿರಲಿಲ್ಲ. ಸ್ಟೇಷನ್ನಿನ ಹೊರಗೆ ಒಂದು ಡಬ್ಬಿ ಪೇಡೆ ಕೊಂಡು ಮನೆಗೆ ಹೋಗಿ, ಆಯಿತು ಅತ್ತೆ ಎಂದೆ. ಅತ್ತೆ ದೇವರ ಮುಂದೆ ಪೇಡೆ ಇಟ್ಟು ಕೈ ಮುಗಿದರು. ಗಂಡನಿಗೂ ನಿಜ ಹೇಳಲಿಲ್ಲ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಅದಾದ ನಾಲ್ಕೈದು ದಿನಕ್ಕೆ ಒಂದು ಭಾನುವಾರ ಮಧ್ಯಾಹ್ನ ನಾನು ದಿವಾನದ ಮೇಲೆ ಅಡ್ಡಾಗಿದ್ದೆ. ಬೆಕ್ಕು ಬಂತು. ಅತ್ತೆಯ ಕಡೆ ಒಮ್ಮೆ ನೋಡಿ, ನನ್ನ ಎದೆಯ ಮೇಲೆ ಹತ್ತಿ, ನಾದಿ, ಮಲಗಿತು. ಅಷ್ಟು ವರ್ಷ ಕಾದ ಭಾರ. ಸಂತೋಷಪಡಬೇಕಾದವಳು ನಾನು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

ಅತ್ತೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. ಬೆಕ್ಕನ್ನು ನೋಡಿದರು, ನನ್ನನ್ನು ನೋಡಿದರು.

“ಎಂತ ಆಯ್ತು ನಿನಗೆ? ಎಂತ ಮುಚ್ಚಿಡ್ತಿ?”

“ಏನಿಲ್ಲ ಅತ್ತೆ” ಎಂದೆ. “ಗ್ಯಾಸು.”

ಅತ್ತೆ ನಂಬಲಿಲ್ಲ. ಕಪಾಟಿನಿಂದ ರಬ್ಬರ್ ಚೀಲ ತೆಗೆದುಕೊಂಡು ನೀರು ಕಾಯಿಸಲು ಹೋದರು.