ಜೀಪಿನ ಅಡಿಯ ತುಕ್ಕು

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕಾರವಾರಕ್ಕೆ ಹೋಗುತ್ತಿದ್ದಾಗ ಕಾಲಡಿಯ ಮ್ಯಾಟು ಜರುಗಿತು. ಕ್ಲಚ್ಚಿನ ಪಕ್ಕದಲ್ಲಿ ಎಂಟಾಣೆಯಷ್ಟಗಲದ ಒಂದು ತೂತು. ತೂತಿನೊಳಗೆ ರಸ್ತೆ ಓಡುತ್ತಿತ್ತು. ಹೆದರಿಕೆಗಿಂತ ಮೊದಲು ಆದದ್ದು ಕುತೂಹಲ. ಬಿಳಿ ಪಟ್ಟಿಯೊಂದು ಬಂದು ಹೋಯಿತು, ಇನ್ನೊಂದು ಬರುತ್ತದೆಯೇ ಎಂದು ಕಾದೆ. ಹೀಗೆಂದು ಅವತ್ತಿನ ದಿನಚರಿಯಲ್ಲಿದೆ, ಹಾಗಾಗಿ ಇದನ್ನು ನಂಬುತ್ತೇನೆ. ದಿನಚರಿಯಲ್ಲಿ ಇಲ್ಲದ ನೆನಪುಗಳ ವಿಷಯದಲ್ಲಿ ಈಗ ಅಷ್ಟು ಧೈರ್ಯ ಸಾಲದು.

ಜೀಪು ಕೊಂಡದ್ದು ಶೋಕಿಗಲ್ಲ. ಮಂಜಗುಣಿಯಲ್ಲಿ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರಲು ಗದ್ದೆಗಳ ನಡುವೆ ಅರ್ಧ ಕಿಲೋಮೀಟರ್ ಮಣ್ಣಿನ ದಾರಿ. ಮೊದಲಿದ್ದ ಚಿಕ್ಕ ಕಾರು ಜುಲೈ ತಿಂಗಳ ಕೆಸರಿನಲ್ಲಿ ಎರಡು ಸಲ ಹೂತುಹೋಯಿತು. ಎರಡನೇ ಸಲ ಕಾರವಾರದ ನಮ್ಮ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ಇತ್ತು. ನಾನು ರಸಾಯನಶಾಸ್ತ್ರ ಕಲಿಸುವವಳು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಪ್ರಯೋಗಾಲಯಕ್ಕೆ ಹೋಗಿ ನಿಂತ ಮೇಲೆ, ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕೆಂದು ಹಟ ಹಿಡಿದೆ. ಹೊಸದು ಕೈಗೆಟುಕುವಂತಿರಲಿಲ್ಲ. ಹಳೆಯದಕ್ಕೆ ಪರಿಚಯದವರು ಸದಾಶಿವಗಡದ ಒಬ್ಬರನ್ನು ತೋರಿಸಿದರು.

ಅವರದು ಗೋವಾ ರಸ್ತೆಯ ಬದಿಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಅಂಗಡಿ. ಅದರ ಜೊತೆಗೇ ಹಳೆಯ ಜೀಪು ಕೊಂಡು, ಬಿಚ್ಚಿ, ಸರಿಮಾಡಿ, ವರ್ಷಪೂರ್ತಿ ತಾವೇ ಓಡಿಸಿ ಆಮೇಲೆ ಮಾರುತ್ತಾರೆ. ಒಂದು ಸಲಕ್ಕೆ ಒಂದೇ ಗಾಡಿ. ಬೋರ್ಡು ಇಲ್ಲ, ಜಾಹೀರಾತಿಲ್ಲ. ಅವರ ಮಾತಿನ ಮೇಲೆ ಜನ ಕೊಳ್ಳುತ್ತಾರೆ. ಕೊಂಕಣಿ ರೂಢಿಯಂತೆ ನನ್ನನ್ನು 'ಬಾಯಿ' ಎಂದು ಕರೆದು ಅವರು ಹೇಳಿದ್ದು ಇಷ್ಟು: "ಇದನ್ನ ಒಂದು ದಿನವೂ ಮರಳಿಗೆ ಇಳಿಸಿದ್ದಿಲ್ಲ ಬಾಯಿ. ನೀವೂ ಇಳಿಸಬೇಡಿ. ವಾರಕ್ಕೊಂದ್ಸಲ ಅಡಿ ತೊಳೀರಿ. ಚಾಸಿಸ್ ಟೊಳ್ಳು, ಅದರ ಒಳಗೂ ಪೈಪ್ ಇಟ್ಟು ನೀರು ಬಿಡಿ."

ದಿನನಿತ್ಯದ ಗಾಡಿಯಾಗಿ ಜೀಪು ಒಂದು ವಿಚಿತ್ರ ಸಂಗಾತಿ. ಸೀರೆ ಉಟ್ಟು ಹತ್ತಬೇಕಾದರೆ ಮೊದಲು ಯಾವ ಕಾಲು ಎಂದು ಯೋಚಿಸಬೇಕು. ಕಾರವಾರದ ಮಾರ್ಕೆಟ್ಟಿನಲ್ಲಿ ಒಂದೇ ಸಲಕ್ಕೆ ತಿರುಗಿಸಲಾಗುವುದಿಲ್ಲ. ವೇಗ ಅರವತ್ತು ದಾಟಿದರೆ ಪಕ್ಕದವರ ಮಾತು ಕೇಳುವುದಿಲ್ಲ, ಇದನ್ನು ನನ್ನ ಗಂಡ ಜೀಪಿನ ದೊಡ್ಡ ಗುಣವೆಂದು ಹೇಳುತ್ತಾನೆ. ನಾಲ್ಕೂ ಚಕ್ರ ಎಳೆಯುವಂತೆ ಮಾಡುವ ಎರಡನೇ ಗೇರ್ ಕೋಲನ್ನು ನಾನು ಎಳೆದದ್ದು ಮಳೆಗಾಲದಲ್ಲಿ, ಆ ಅರ್ಧ ಕಿಲೋಮೀಟರಿಗೆ ಮಾತ್ರ. ಉಳಿದ ನಲವತ್ತು ಕಿಲೋಮೀಟರಿನಲ್ಲಿ ಅದು ನನ್ನ ಊಟದ ಚೀಲ ನೇತುಹಾಕುವ ಗೂಟ. ಬಸ್‌ಸ್ಟಾಪಿನಲ್ಲಿ ನಿಂತ ಹೆಂಗಸರು ಕೂಗುತ್ತಿದ್ದರು.

"ಅಕ್ಕೋರೆ, ಯಾವ ಗುಡ್ಡ ಹತ್ತೂಕೆ ಹೊರಟ್ರಿ?"

"ಪೇಪರ್ ತಿದ್ದೂಕೆ!"

"ಅದಕ್ಕೆ ಇಷ್ಟು ದೊಡ್ಡ ಗಾಡಿ ಬೇಕಾ? ಎಷ್ಟು ಮಕ್ಕಳು ಫೇಲು?"

ತೂತು ಕಂಡ ದಿನ ಈ ತಮಾಷೆಯೆಲ್ಲ ನಿಂತುಹೋಯಿತು. ಗಾಡಿಗೆ ಹದಿನೈದು ವರ್ಷ ತುಂಬುತ್ತಿತ್ತು, ನೋಂದಣಿ ನವೀಕರಿಸಬೇಕಿತ್ತು. ಬಗ್ಗಿ ನೋಡಿದರೆ ಅಡಿಯಲ್ಲೆಲ್ಲ ತುಕ್ಕಿನ ಹಪ್ಪಳ. ನಾನಂತೂ ಜೀಪನ್ನು ಸಮುದ್ರದ ಮರಳಿಗೆ ಇಳಿಸಿದವಳಲ್ಲ. ಹಾಗಾದರೆ ಇಳಿಸಿದವರು ನನಗೆ ಮಾರಿದವರೇ. ಸ್ಟಾಫ್ ರೂಮಿನಲ್ಲಿ ಅದನ್ನೇ ಹೇಳಿದೆ. "ಮರಳಿಗೆ ಇಳಿಸಿಲ್ಲ ಅಂದಿದ್ದರು. ದೋಣಿ ಎಳೆಯಲಿಕ್ಕೆ ಬಳಸಿದ್ದಾರೆ. ನೋಡಲಿಕ್ಕೆ ಹೋದ ದಿನ ಜೀಪಿನ ಹಿಂದುಗಡೆ ಹಗ್ಗ ಬಿದ್ದಿತ್ತು."

ಮೊದಲ ಸಲ ಹೇಳಿದಾಗ ಅದು ಬರೀ ಹಗ್ಗ. ಮನೆಯಲ್ಲಿ ಗಂಡನಿಗೆ ಹೇಳುವಾಗ ಒದ್ದೆ ಹಗ್ಗ. ವಾರ ಕಳೆಯುವುದರೊಳಗೆ ಅದು ನೀಲಿ ನೈಲಾನಿನದಾಗಿ, ಎಳೆಗಳ ನಡುವೆ ಮರಳು ಸಿಕ್ಕಿಕೊಂಡಿತ್ತು. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ಕ್ಷಣಕ್ಕೂ ಅನಿಸಲಿಲ್ಲ. ಕಣ್ಣು ಮುಚ್ಚಿದರೆ ಹಗ್ಗ ಕಾಣುತ್ತಿತ್ತು.

ಸ್ಟಾಫ್ ರೂಮಿನ ಭೌತಶಾಸ್ತ್ರದ ಮಾಸ್ತರರು ಅವರ್ಸಾದವರು. ಅವರ ನೆರೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಅದೇ ಸದಾಶಿವಗಡದವರ ಬಳಿ ಆಗ ಒಂದು ಜೀಪನ್ನು ಮಾತಾಡಿ ಇಟ್ಟಿದ್ದರು. ಮಾಸ್ತರರಿಂದ ವಿಷಯ ತಿಳಿದು ಆ ವ್ಯಾಪಾರಿ ನನಗೆ ಫೋನ್ ಮಾಡಿದರು. "ಅಕ್ಕೋರೆ, ಹಗ್ಗ ನೀವೇ ನೋಡಿದ್ದಾ? ಯಾರೋ ಹೇಳಿದ್ದಲ್ಲ, ಹೌದಾ?"

"ನಾನೇ ನೋಡಿದ್ದು" ಎಂದೆ.

ಅವರು ಜೀಪು ಬೇಡವೆಂದರು. ಮೇ ತಿಂಗಳು ಬಂದರೂ ಆ ಜೀಪು ಅಂಗಡಿಯ ಮುಂದೆಯೇ ನಿಂತಿದೆ, ಬೇರೆ ಇಬ್ಬರೂ ನೋಡಿ ಹಿಂದೆ ಸರಿದರು ಎಂದು ಮಾಸ್ತರರೇ ಹೇಳಿದರು. ನನಗೆ ಆಗ ಅನಿಸಿದ್ದನ್ನು ಬರೆದಿಟ್ಟಿದ್ದೇನೆ: "ಒಳ್ಳೆಯದಾಯಿತು." ಈಗ ಓದಿದರೆ ಪುಟ ಮಗುಚಿ ಹಾಕುವಂತಾಗುತ್ತದೆ.

ಮೇ ಮೊದಲ ವಾರ ಅಂಕೋಲೆಯ ಗ್ಯಾರೇಜಿಗೆ ಜೀಪು ಕೊಟ್ಟೆ. ಅಲ್ಲಿನ ಮೇಸ್ತ್ರಿ ಮಾತಿಗೆ ಮೊದಲು ಒಂದು ಚಿಕ್ಕ ಸುತ್ತಿಗೆ ಹಿಡಿದು ಗಾಡಿಯಡಿಗೆ ಜಾರಿದರು. ಮುಂದಿನಿಂದ ಹಿಂದಕ್ಕೆ ಗೇಣು ಗೇಣಿಗೂ ಬಡಿಯುತ್ತ ಹೋದರು. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಕೇಳುತ್ತದೆ, ತಿಂದುಹೋದದ್ದು ಹಲಸಿನ ಕಾಯಿ ಬಡಿದ ಹಾಗೆ. ನಾನೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಿವಿಗೊಟ್ಟೆ. ಸ್ವಲ್ಪ ಹೊತ್ತಿಗೆ ಎಲ್ಲಿ ಸದ್ದು ಸಾಯುತ್ತದೆಂದು ನನಗೂ ತಿಳಿಯತೊಡಗಿತು.

"ಸಮುದ್ರಕ್ಕೆ ಇಳಿಸಿದ ಗಾಡಿ, ಅಲ್ವಾ?" ಎಂದೆ.

"ಯಾರು ಹೇಳಿದ್ರು?" ಅಡಿಯಿಂದ ದನಿ ಬಂತು. "ಸಮುದ್ರಕ್ಕೆ ಇಳಿದ್ರೆ ಮೊದ್ಲು ಆಕ್ಸಲ್ಲು, ಸ್ಪ್ರಿಂಗಿನ ಪಾಟೆ ಹೋಗ್ತದೆ. ಅವು ಹೊಸ ಮದುಮಗನ ಹಾಂಗಿದಾವೆ. ಇದು ಒಳಗಿಂದ ತಿಂದದ್ದು. ಚಾಸಿಸ್ ಒಳಗೆ ನೀರು ಬಿಡ್ತಿದ್ರಾ?"

"ವಾರಕ್ಕೊಂದ್ಸಲ. ಪೈಪ್ ಇಟ್ಟು."

"ಯಾವ ನೀರು?"

"ಬಾವಿ ನೀರು."

ಮೇಸ್ತ್ರಿ ಹೊರಗೆ ಜಾರಿ ಬಂದು ಎದ್ದು ಕೂತರು. "ಮಂಜಗುಣಿ ಬಾವಿ ನೀರು? ಶಿವರಾತ್ರಿ ಕಳೆದ ಮೇಲೂ?"

ಹೊಳೆ ಸಮುದ್ರ ಸೇರುವ ಜಾಗದಲ್ಲಿರುವ ನಮ್ಮೂರಿನಲ್ಲಿ ಶಿವರಾತ್ರಿ ದಾಟಿದರೆ ಕೆಳಗಿನ ಬಾವಿಗಳ ನೀರು ಉಪ್ಪಾಗುತ್ತದೆ. ಮಳೆ ಬೀಳುವವರೆಗೆ ಯಾರೂ ಕುಡಿಯುವುದಿಲ್ಲ, ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ. ಅಡುಗೆಗೆ ನಲ್ಲಿ ನೀರನ್ನು ತುಂಬಿಟ್ಟು ಕೈ ಹಿಡಿದು ಬಳಸುತ್ತೇವೆ. ಬಾವಿ ನೀರು ಅಂಗಳಕ್ಕೆ, ಬಚ್ಚಲಿಗೆ, ಗಾಡಿಗೆ. ನಮ್ಮಲ್ಲಿ ಎಲ್ಲರೂ ಹೀಗೇ. ಸಿಹಿನೀರಿನಲ್ಲಿ ಗಾಡಿ ತೊಳೆದರೆ ಮನೆ ಹಾಳುಮಾಡುವವಳು ಎನ್ನುತ್ತಾರೆ. ನಾಲ್ಕು ಬೇಸಿಗೆ, ಪ್ರತಿ ಭಾನುವಾರ, ಉಪ್ಪು ಹೋಗಲಿ ಎಂದು ಶ್ರದ್ಧೆಯಿಂದ ಚಾಸಿಸ್ ಒಳಗೆ ಉಪ್ಪುನೀರು ಬಿಟ್ಟಿದ್ದೆ.

"ಅಕ್ಕೋರೆ, ನೀವು ಕಲಿಸೋದು ಎಂತ?" ಎಂದು ಮೇಸ್ತ್ರಿ ಕೇಳಿದರು.

"ಕನ್ನಡ" ಎಂದುಬಿಟ್ಟೆ.

ಮಾರನೇ ದಿನ ಒಂದು ಬಾಟಲಿ ಬಾವಿ ನೀರು ಕಾಲೇಜಿಗೆ ಒಯ್ದೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಮಾಡಿ ತೋರಿಸುವ ಪರೀಕ್ಷೆ: ಸಿಲ್ವರ್ ನೈಟ್ರೇಟಿನ ಎರಡು ಹನಿ ಹಾಕಿದರೆ ಉಪ್ಪಿನ ಅಂಶವಿರುವ ನೀರು ಬಿಳಿಯಾಗುತ್ತದೆ. ನಲ್ಲಿ ನೀರಿನಲ್ಲಿ ತೆಳುವಾದ ಮಬ್ಬು. ನಮ್ಮ ಬಾವಿಯ ನೀರು ಮಜ್ಜಿಗೆಯ ಹಾಗೆ ಒಡೆಯಿತು. ಖಾಲಿ ಪ್ರಯೋಗಾಲಯದಲ್ಲಿ ಮೂರು ಸಲ ಮಾಡಿ ನೋಡಿದೆ. ನಾಲಿಗೆಗೆ ಗೊತ್ತಿದ್ದದ್ದು, ಪಾಠದಲ್ಲಿ ಗೊತ್ತಿದ್ದದ್ದು, ಭಾನುವಾರ ಪೈಪ್ ಹಿಡಿಯುವ ಕೈಗೆ ಹೇಗೆ ಗೊತ್ತಾಗಲಿಲ್ಲ ಎಂಬುದು ನನಗೆ ಇನ್ನೂ ಬಿಡಿಸಲಾಗದ ವಿಷಯ.

ಆದರೂ ಒಂದು ಆಸೆ ಉಳಿದಿತ್ತು. ಬಾವಿ ನೀರೂ ನಿಜ, ಹಗ್ಗವೂ ನಿಜ ಆಗಿರಬಹುದಲ್ಲ? ಮನೆಗೆ ಬಂದು ಜೀಪು ನೋಡಲು ಹೋದ ದಿನದ ಪುಟ ಹುಡುಕಿದೆ. ನನ್ನದೇ ಅಕ್ಷರ: "ಹಿಂದುಗಡೆ ತೆಂಗಿನಕಾಯಿ ಚೀಲ ಎರಡು, ಮುರಿದ ಕೊಡೆ, ಸ್ಪೇರ್ ಟೈರು. ನೆಲ ಒಣಗಿದೆ, ಬೆರಳಿನಿಂದ ಮುಟ್ಟಿ ನೋಡಿದೆ." ಮುಟ್ಟಿ ನೋಡಿದ್ದೆನಂತೆ. ಅದು ಒಂದಿಷ್ಟೂ ನೆನಪಿಲ್ಲ. ನೆನಪಿರುವುದು ಹಗ್ಗ. ಅಂಗಡಿಯ ಎದುರು ದೋಣಿಗಳಿದ್ದವು, ಅವುಗಳಲ್ಲಿ ಹಗ್ಗ ಇದ್ದಿರಬೇಕು. ನನ್ನ ಸಿಟ್ಟು ಅದನ್ನು ಅಲ್ಲಿಂದ ಎತ್ತಿ ಜೀಪಿನೊಳಗೆ ಇಟ್ಟಿರಬೇಕು. ಇದೂ ಊಹೆ.

ಗ್ಯಾರೇಜಿನಲ್ಲಿ ತಗಡು ಬೆಸೆದು ಜೀಪು ಕೈಗೆ ಬಂದ ಶನಿವಾರ ಮಧ್ಯಾಹ್ನ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋದೆ. ಮಾರಾಟವಾಗದ ಜೀಪು ಅಂಗಡಿಯ ಮುಂದಿತ್ತು, ಅದರ ಬಾನೆಟ್ಟಿನ ಮೇಲೆ ಕೊಂಕಣಿ ಮಾತಾಡುತ್ತ ಇಬ್ಬರು ಚಹಾ ಇಟ್ಟುಕೊಂಡಿದ್ದರು. ಅವರು ಹೋಗಲಿ ಎಂದು ಕಾದೆ. ಆಮೇಲೆ ಅಂಗಡಿಯವರಿಗೆ ಎಲ್ಲ ಹೇಳಿದೆ: ಬಾವಿ, ಬಾಟಲಿ, ದಿನಚರಿ, ಹಗ್ಗ.

ಅವರು ಕೈ ಒರೆಸುವುದನ್ನು ನಿಲ್ಲಿಸಲಿಲ್ಲ. "ಸಿಹಿನೀರು ಅಂತ ನಾನು ಹೇಳಬೇಕಿತ್ತು" ಎಂದರು. "ನಮ್ಮನೆಗೆ ನಲ್ಲಿ ನೀರು. ನಿಮ್ಮದು ಉಪ್ಪು ಅಂತ ತಲೆಗೆ ಹೊಳೀಲಿಲ್ಲ."

"ನೀವು ಹೇಳಿರಲೂಬಹುದು. ನಾನು ಬರೆದಿಟ್ಟಿಲ್ಲ."

"ಅದು ಬಿಡಿ ಬಾಯಿ. ಹಗ್ಗ ಅಂದ್ರಲ್ಲ, ಅದು." ಆಗ ಮಾತ್ರ ನನ್ನ ಮುಖ ನೋಡಿದರು. "ನನಗೆ ಹೇಳಿ ಎಂತ ಉಪಯೋಗ? ನಾನು ಮರಳಿಗೆ ಇಳಿಸಿಲ್ಲ ಅಂತ ನನಗೆ ಗೊತ್ತೇ ಇತ್ತಲ್ಲ. ಗೊತ್ತಿಲ್ಲದವರಿಗೆ ಹೋಗಿ ಹೇಳಿ."

ವಾಪಸು ಬರುವಾಗ ಅವರ್ಸಾದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಇಳಿದೆ. ವ್ಯಾಪಾರಿ ಅಂಗಳದಲ್ಲಿ ಕಾಯಿ ಸುಲಿಸುತ್ತಿದ್ದರು. ಅವರ ಹೆಂಡತಿ, ಇಬ್ಬರು ಆಳುಗಳು, ಎಲ್ಲರೂ ಕೆಲಸ ನಿಲ್ಲಿಸಿ ಕೇಳಿದರು. ಹೇಳಿ ಮುಗಿಸಿದ ಮೇಲೆ ವ್ಯಾಪಾರಿ ಜೀಪಿನ ಅಡಿಗೆ ಬಗ್ಗಿ ಹೊಸ ಬೆಸುಗೆ ನೋಡಿ ಬಂದರು.

"ಅವತ್ತು ನೀವೇ ನೋಡಿದ್ದು ಅಂದ್ರಿ. ಇವತ್ತು ನೋಡಿಲ್ಲ ಅಂತೀರಿ. ಯಾವುದನ್ನ ನಂಬೋದು ಅಕ್ಕೋರೆ?"

ಒಳ್ಳೆಯ ಪ್ರಶ್ನೆ. ದಿನಚರಿ ಎಂದೆ. "ಅದನ್ನ ಬರೆದದ್ದೂ ನೀವೇ ಅಲ್ದಾ?" ಎಂದು ಅವರ ಹೆಂಡತಿ ನಕ್ಕರು.

ವ್ಯಾಪಾರಿ ಫೋನ್ ತೆಗೆದು ಸದಾಶಿವಗಡಕ್ಕೆ ಹಚ್ಚಿದರು. ಕೊಂಕಣಿಯಲ್ಲಿ ಎರಡು ಮಾತಾಡಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು. "ಇಬ್ಬರೂ ಕೇಳೋ ಹಾಂಗೆ ಒಂದ್ಸಲ ಹೇಳಿಬಿಡಿ."

ಅದೇ ದಿನ ಮೂರನೇ ಸಲ ಶುರುಮಾಡಿದೆ. ಶುರುಮಾಡುತ್ತಿದ್ದಂತೆಯೇ ಗೊತ್ತಾಯಿತು, ಮಾತು ಆಗಲೇ ನಯವಾಗುತ್ತಿತ್ತು. ಬಾವಿಯ ಕತೆ ಮೊದಲು, ಅದಕ್ಕೊಂದು ನಗು, ಹಗ್ಗ ಕೊನೆಯಲ್ಲಿ, ಯಾರಿಗೂ ಹೆಚ್ಚು ತಾಗದ ಹಾಗೆ. ಅಲ್ಲೇ ನಿಲ್ಲಿಸಿದೆ.

"ಜೀಪಿನಲ್ಲಿ ಹಗ್ಗ ಇರಲಿಲ್ಲ" ಎಂದೆ. "ಇತ್ತು ಅಂದದ್ದು ನಾನು. ಅದು ತಪ್ಪು."

ಆ ಕಡೆಯಿಂದ ಅಂಗಡಿಯವರು, ನನಗಲ್ಲ, ವ್ಯಾಪಾರಿಗೆ ಹೇಳಿದರು, "ಬರೋದಾದ್ರೆ ನಾಳೆ ಬನ್ನಿ. ಅಡಿ ನೋಡುವವರನ್ನ ಯಾರನ್ನ ಬೇಕಾದ್ರೂ ಕರಕೊಂಡು ಬನ್ನಿ."

"ಬರ್ತೇನೆ. ತಗೊಳ್ತೇನೆ ಅಂತ ಹೇಳೂದಿಲ್ಲ, ನೋಡ್ತೇನೆ" ಎಂದು ವ್ಯಾಪಾರಿ ಫೋನ್ ಇಟ್ಟರು. ನನ್ನ ಕಡೆ ತಿರುಗಿ, "ನೀವೂ ಬರ್ಬೇಕು. ಅಂಗಡಿ ಮುಂದೆ ನಿಂತು, ಅಲ್ಲಿ ಚಹಾ ಕುಡಿಯೂಕೆ ಬರೋ ನಾಲ್ಕು ಜನರ ಎದುರಿಗೆ ಇದನ್ನೇ ಹೇಳ್ಬೇಕು" ಎಂದರು.

ಎಷ್ಟು ಗಂಟೆಗೆ ಎಂದು ಕೇಳಿದೆ.