ಅಲ್ಮಾಸ ಅಳಿಸಿದ ಗುಡ್ಡ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಇಳಕಲ್ಲಿನ ಹೊರಗೆ, ನೀರಿನ ಟಾಕಿಯ ಮೇಲೆ ಅಲ್ಮಾಸ ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಕೆಳಗೆ ಹೊಸ ಲೇಔಟು. ಮನೆ ಒಂದೂ ಎದ್ದಿಲ್ಲ. ಬೀದಿದೀಪಗಳು ಮಾತ್ರ ಯಾರಿಗೋ ಕಾದಂತೆ ಉರಿಯುತ್ತಿವೆ. ಕುರಿಗಾಹಿ ಹಣಮಪ್ಪನ ಹಿಂಡು ಡಾಂಬರು ದಾರಿಯಲ್ಲಿ ನೆಟ್ಟಗೆ ಬಂದು, ಬಟಾಬಯಲಿನ ನಡುವೆ ಏನೋ ಅಡ್ಡ ಇದ್ದಂತೆ ಸುತ್ತು ಬಳಸಿ ಮುಂದೆ ಹೋಗುತ್ತದೆ. ಅಲ್ಲಿ ಏನೂ ಇಲ್ಲ. ಹೋದ ವರ್ಷದ ತನಕ ಒಂದು ಹುಣಸೆಮರ ಇತ್ತು.

"ಕುರಿಗೆ ಇನ್ನೂ ಗಿಡ ಕಾಣತೈತಿ ಅಂತಾನ ಹಣಮಪ್ಪ. ನನಗ ಮೈ ಝುಮ್ ಅಂತೈತ್ರಿ. ಯಾಕಂದ್ರ ಆ ಗಿಡಾ ಮೊದಲ ತಗದಾಕಿ ನಾನ," ಅನ್ನುತ್ತಾರೆ ಅಲ್ಮಾಸ.

ತೆಗೆದದ್ದು ಕೊಡಲಿಯಿಂದಲ್ಲ, ಕಂಪ್ಯೂಟರಿನಲ್ಲಿ. ಅಪ್ಪ ಸುಭಾನಸಾಬ ಬಿಟ್ಟುಹೋದ ಫೋಟೊ ಸ್ಟುಡಿಯೋವನ್ನು ಅಲ್ಮಾಸ ಒಬ್ಬರೇ ನಡೆಸುತ್ತಾರೆ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಮದುವೆ ಫೋಟೊದಿಂದ ಹೊಟ್ಟೆ ತುಂಬುವುದು ಅಷ್ಟರಲ್ಲೇ ಇದೆ. ಕೈ ಹಿಡಿದದ್ದು ಲೇಔಟಿನವರ ಕೆಲಸ. ಹೊಲ, ಗುಡ್ಡದ ಫೋಟೊ ತೆಗೆಯಬೇಕು. ಆಮೇಲೆ ಗಿಡಗಂಟಿ ಅಳಿಸಿ, ರಸ್ತೆ, ಪಾರ್ಕು ಕೂಡಿಸಿ ಜಾಹೀರಾತಿನ ಫಲಕಕ್ಕೆ ಒಪ್ಪಿಸಬೇಕು. ಹುನಗುಂದದ ದಾರಿಯುದ್ದಕ್ಕೂ ನಿಂತ ಆ ಬಣ್ಣದ ಫಲಕಗಳನ್ನು ನಾವೆಲ್ಲ ನೋಡಿದವರೇ. ಮಾಡಿದವರು ಯಾರೆಂದು ಕೇಳಿದವರುಂಟೇ?

ಮೊದಮೊದಲು ಇದು ಆಟದಂತಿತ್ತು. ಬರುಬರುತ್ತ ಭಯ ಹತ್ತಿತು. ಹುಣಸೆಮರ ಅಳಿಸಿದರು, ಮರ ಹೋಯಿತು. ನವಿಲು ಕೂಗುತ್ತಿದ್ದ ಗುಡ್ಡವನ್ನು ಫೋಟೊದಲ್ಲಿ ಸಪಾಟು ಮಾಡಿದರು, ಮಳೆಗಾಲ ಬರುವುದರೊಳಗೆ ಗುಡ್ಡವೂ ಸಪಾಟು. ಎಲ್ಲ ಲೇಔಟಿನವರ ನಕ್ಷೆಯಂತೆ ನಡೆದದ್ದು, ಮಾಟವೂ ಅಲ್ಲ ಮಂತ್ರವೂ ಅಲ್ಲ ಎಂದು ಅವರಿಗೂ ಗೊತ್ತು. ಗೊತ್ತಿದ್ದರೇನು, ಅಂಜಿಕೆ ಬಿಡಬೇಕಲ್ಲ! ನಸುಕಿನಲ್ಲಿ ಈಗಲೂ ನವಿಲಿನ ಕೂಗು ಕೇಳುತ್ತದೆ, ನವಿಲು ಕಾಣುವುದಿಲ್ಲ. ಅಳಿಸುವ ಮುಂಚಿನ ಫೋಟೊಗಳನ್ನೆಲ್ಲ ದೊಡ್ಡದು ಮಾಡಿಸಿ ಸ್ಟುಡಿಯೋ ಗೋಡೆಗೆ ಹಾಕಿದ್ದಾರೆ. ಬಂದ ಗಿರಾಕಿಗಳು, ಇದು ಯಾವ ಊರು ಎಂದು ಕೇಳುತ್ತಾರಂತೆ.

ಮೊನ್ನೆ ಲೇಔಟಿನ ಎರಡನೆಯ ಹಂತದ ಕೆಲಸ ಬಂತು. ಟಾಕಿಯ ಮೇಲಿಂದ ತೆಗೆದ ಫೋಟೊ ನೋಡಿದ ಮ್ಯಾನೇಜರ್ ಬಲಗಡೆಯ ಮೂಲೆಗೆ ಬೆರಳಿಟ್ಟು, ಇದಿಷ್ಟು ಸ್ವಚ್ಛ ಮಾಡಿಕೊಡಿ ಅಂದ. ಅವನಿಗೇನು ಗೊತ್ತು, ಆ ಮೂಲೆಯಲ್ಲಿ ಇದ್ದದ್ದು ಅಲ್ಮಾಸ ಹುಟ್ಟಿ ಬೆಳೆದ ಮನೆ.

"ಕಂಪ್ಯೂಟರ್ ಮುಂದ ಕುಂತೆನ್ರಿ. ಕೈ ಏಳಲಿಲ್ಲ. ನಾ ಅಳಿಸಿದ್ದು ಒಂದರ ಉಳದೈತೇನ್ರಿ?"

ಒಲ್ಲೆ ಎಂದರೆ ಸ್ಟುಡಿಯೋ ಬಾಗಿಲು ಹಾಕಬೇಕು. ಅಳಿಸಿದರೆ ಏನಾದೀತು ಎಂಬುದನ್ನು ಅವರು ಬಾಯಿಬಿಟ್ಟು ಆಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅದಕ್ಕೇ ಇವತ್ತು ಮತ್ತೆ ಟಾಕಿ ಹತ್ತಿದ್ದಾರೆ.

ಬಿಸಿಲು ಮೂಡುತ್ತದೆ. ದೂರದಲ್ಲಿ ಅದೇ ಮನೆಯ ಮಾಳಿಗೆಯ ಮೇಲೆ ತಾಯಿ ಮಾಸುಮಬಿ ಮೆಣಸಿನಕಾಯಿ ಹರವಲು ಬರುತ್ತಾರೆ. ಅಲ್ಮಾಸ ಫೋನು ಹಚ್ಚಿ, ಟಾಕಿ ಕಡೆ ಮುಖ ಮಾಡಿ ಒಂದಿಷ್ಟು ಅಲ್ಲೇ ನಿಲ್ಲಲು ಹೇಳುತ್ತಾರೆ. ಮಾಸುಮಬಿ ತಲೆಯ ಮೇಲೆ ಸೆರಗೆಳೆದುಕೊಂಡು ನೆಟ್ಟಗೆ ನಿಲ್ಲುತ್ತಾರೆ. ಅಲ್ಮಾಸ ಫೋಟೊ ತೆಗೆದು, ಒಮ್ಮೆ ನೋಡಿ, ಕ್ಯಾಮೆರಾ ಚೀಲಕ್ಕೆ ಹಾಕುತ್ತಾರೆ.

"ಇದನ್ನ ಹಿಂಗ ಕೊಡ್ತೇನ್ರಿ. ಸ್ವಚ್ಛ ಮಾಡೂದಿದ್ರ ಮತ್ತ್ಯಾರ ಕಡೆನರ ಮಾಡಿಸ್ಲಿ. ನನ್ನ ಕೈಲೆ ನಮ್ಮ ಅಮ್ಮಿ ಅಳಿಯೂದಿಲ್ಲ."